ಅರ ತಿಕ್ಕಿದ ಸರಪಳಿ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸುವ ಹೊತ್ತಿಗೇ ಸೈಕಲ್ ರೇಸಿನ ಹುಡುಗಿ ಬಂದು ನಿಂತಿದ್ದಳು. ಪೆಟ್ಟಾದ ಭುಜದ ಪಟ್ಟಿ ಬಿಚ್ಚಿ ಇನ್ನೂ ವಾರವಾಗಿರಲಿಲ್ಲ.

"ನನ್ನ ಸೈಕಲ್ ಕದ್ದಿದಾರೆ ಸಾರ್. ಬರೋ ಭಾನುವಾರ ಗುಡ್ಡದ ರೇಸು."

"ವಿಮೆ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇದೆ. ಆದ್ರೆ ಗೋಡೆಯಲ್ಲಿ ಹೂತ ಕಬ್ಬಿಣದ ಬಳೆಗೆ ಸರಪಳಿ ಬಿಗಿದು, ಕೋಣೆಗೂ ಬೀಗ ಹಾಕಿದ್ರೆ ಮಾತ್ರ ದುಡ್ಡು ಕೊಡೋದಂತೆ. ಎಲ್ಲಾ ಅಪ್ಪನೇ ಮಾಡಿಕೊಟ್ಟಿದ್ರು. ಅದನ್ನೂ ಬರ್ಕೊಳ್ಳಿ."

ಎಫ್‌ಐಆರ್ ದಾಖಲಿಸಿ, ದಫೇದಾರನೊಡನೆ ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆಗೆ ಹೊರಟರು.

ಅವಳ ಮನೆಯ ಹಿತ್ತಿಲ ಕೋಣೆಯ ಬೀಗ ಮುರಿದಿತ್ತು. ಗೋಡೆಯ ಬಳೆ ಮಿಸುಕಿರಲಿಲ್ಲ. ಹುಡುಗಿಯ ಅಪ್ಪ, ವೆಲ್ಡಿಂಗ್ ಅಂಗಡಿಯವನು, ಬಾಗಿಲಿಗೆ ಒರಗಿ ನಿಂತಿದ್ದ. ದಫೇದಾರ ಬಳೆಯನ್ನು ಜಗ್ಗಿ, "ಆನೇನೇ ಕಟ್ಟಬಹುದಲ್ಲಪ್ಪಾ ಇದಕ್ಕೆ!" ಎಂದ.

ಬೆರಳಚ್ಚಿನವರು ಕೆಲಸ ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ ಕುಕ್ಕರಗಾಲಲ್ಲಿ ಕೂತು, ತುಂಡಾದ ಸರಪಳಿಯ ಕೊಂಡಿಯ ಮೇಲೆ ಹೆಬ್ಬೆರಳಾಡಿಸಿದರು. ಕೊಯ್ದ ಕಬ್ಬಿಣದ ಅಂಚು ಚುಚ್ಚಬೇಕು. ಇದು ನುಣ್ಣಗಿತ್ತು, ಕೊಯ್ದ ಮೇಲೆ ಅರ ತಿಕ್ಕಿದ ಗೆರೆಗಳು ಬೆಳಕಿಗೆ ಹೊಳೆದವು.

"ಕಳ್ಳನಿಗೆ ಇಷ್ಟು ಪುರುಸೊತ್ತು ಇರುತ್ತೇನ್ರೀ?" ಎಂದು ದಫೇದಾರನನ್ನು ಕೇಳಿದರು. ಕಣ್ಣು ಮಾತ್ರ ಅಪ್ಪನ ಮೇಲಿತ್ತು.

ಅಲ್ಲಿಂದ ಅವನ ಅಂಗಡಿಗೆ ಹೋದರು. ಕಿಟಕಿ ಸರಳು, ಅರ್ಧ ಮಾಡಿಟ್ಟ ಗೇಟು, ಕೊನೆಗೆ ಮೂಲೆಯ ಗುಜರಿ ಚೂರುಗಳನ್ನೂ ಇನ್‌ಸ್ಪೆಕ್ಟರ್ ಮುಟ್ಟಿ ನೋಡಿದರು.

"ಎಸೆಯೋ ಚೂರುಗಳಿಗೂ ಅರ ಹಾಕ್ತೀಯಾ?"

"ಯಾರದಾದ್ರೂ ಕೈ ಕೊಯ್ಯುತ್ತಲ್ಲ ಸಾರ್. ಅಭ್ಯಾಸ."

"ಆ ಸರಪಳಿಗೆ?"

ಅವನು ನೆಲ ನೋಡಿದ. "ಅವಳು ಬರಿಗಾಲಲ್ಲಿ ಓಡಾಡೋ ಜಾಗ ಅದು" ಎಂದ.

ತಗಡುಗಳ ಹಿಂದೆ, ರಗ್ಗಿನಲ್ಲಿ ಸುತ್ತಿದ ಸೈಕಲ್ ಸಿಕ್ಕಿತು. ಗುರುತಿಸಲು ಮಗಳನ್ನು ಕರೆಸಿದರು.

"ಯಾಕಪ್ಪಾ?" ಎಂದಳು ಅವಳು.

"ಹೋದ ಸಲ ಇಳಿಜಾರಲ್ಲಿ ಬಿದ್ದೋಳನ್ನ ಎತ್ಕೊಂಡು ಬಂದೋನು ನಾನು ಕಣೇ. ಹೋಗ್ಬೇಡ ಅಂದ್ರೆ ನೀನು ಕೇಳಬೇಕಲ್ಲ? ವಿಮೆ ದುಡ್ಡಲ್ಲಿ ಹೊಸ ಸೈಕಲ್ ಬರೋವಷ್ಟರಲ್ಲಿ ರೇಸು ಮುಗಿದಿರುತ್ತೆ ಅಂದ್ಕೊಂಡೆ."

ಮಗಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ದೂರು ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆಗಿದೆಯಮ್ಮಾ. ಏನು ಹೇಳೋದಿದ್ರೂ ಇನ್ನು ಕೋರ್ಟಿನಲ್ಲಿ ಹೇಳು."

ಬಂಧನದ ಕಾರಣ ತಿಳಿಸಿ ಅಪ್ಪನನ್ನು ಜೀಪಿಗೆ ಹತ್ತಿಸಿದರು. ದಫೇದಾರ ಸೈಕಲ್ಲಿನ ಜಪ್ತಿ ಪಂಚನಾಮೆ ಬರೆಯುತ್ತ ಚಕ್ರದ ಬಳಿ ಬಂದು ಕೈ ನಿಲ್ಲಿಸಿದ.

"ಬ್ರೇಕಿನ ರಬ್ಬರು ಹೊಸದು ಸಾರ್. ಚೂರೂ ಸವೆದಿಲ್ಲ."

"ನಾನು ಹಾಕಿಸಿಲ್ಲ" ಎಂದಳು ಹುಡುಗಿ. "ಹಳೇದು ಸವೆದೇ ಹೋಗಿತ್ತು."

ಜೀಪಿನಲ್ಲಿದ್ದ ಅಪ್ಪ ಮುಖವನ್ನು ಆಚೆ ತಿರುಗಿಸಿಕೊಂಡ.

"ಅದನ್ನೂ ಬರ್ಕೊಳ್ರೀ" ಎಂದರು ಇನ್‌ಸ್ಪೆಕ್ಟರ್.