ಜೂಡಿತ್ ಲಾಕ್ಲಿಯ ಕಾಗದ

ಅವನು ಮೊದಲ ಸಲ ಬಂದ ದಿನ ನಾನು ಅವನನ್ನು ಎಸಿ ರಿಪೇರಿಯವನು ಅಂದುಕೊಂಡೆ.

ತಪ್ಪು ನನ್ನದೇ. ಜುಲೈ ತಿಂಗಳು. ನಮ್ಮ ಕೌಂಟಿ ಕೋರ್ಟಿನ ದಾಖಲೆ ಕೋಣೆಯಲ್ಲಿ ಬೆಳಗಿನಿಂದ ಎಸಿ ಕೆಟ್ಟು ಕೂತಿತ್ತು. ಬಾಗಿಲಲ್ಲಿ ಎತ್ತರದ ಕಪ್ಪು ಮನುಷ್ಯನೊಬ್ಬ, ಕೈಯಲ್ಲಿ ಚರ್ಮದ ಟೂಲ್ ಬ್ಯಾಗು. ನಾನು ಸರಿಯಾಗಿ ತಲೆ ಎತ್ತಿಯೂ ನೋಡದೆ, "ಮೆಷಿನ್ ಕೆಳಗಡೆ ಇದೆ, ಮೆಟ್ಟಿಲಿಳಿದು ಎಡಕ್ಕೆ" ಅಂದುಬಿಟ್ಟೆ.

ಅವನು ಹೋದ. ಐದು ನಿಮಿಷಕ್ಕೆ ವಾಪಸ್ ಬಂದ.

"ನೋಡ್ದೆ ಮೇಡಂ. ಕೆಟ್ಟಿರೋದು ನಿಜ. ಆದ್ರೆ ನಾನು ಪಿಯಾನೊ ರಿಪೇರಿಯವನು. ಅದಕ್ಕೆ ಶ್ರುತಿ ಕೂರಿಸಿದ್ರೆ ನಿಮಗೆ ತಂಪಾಗುತ್ತೋ ಇಲ್ವೋ ಗೊತ್ತಿಲ್ಲ."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಕೆಳಗೆ ಯಾಕೆ ಹೋದ್ರಿ?"

"ಅಷ್ಟು ಅಧಿಕಾರದಿಂದ ಹೇಳಿದ್ರಲ್ಲ. ಕಾಲು ತಾನಾಗೇ ಹೋಯ್ತು."

ನಕ್ಕ. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. ಇಂಥದ್ದು ಅವನಿಗೆ ಹೊಸದಲ್ಲ ಅಂತ ಆ ಕಣ್ಣು ಹೇಳಿತು. ನಾನು ಎದ್ದು ನಿಂತು ಕ್ಷಮೆ ಕೇಳಿದೆ. ಆಗ ಮಾತ್ರ ಅವನು ನನ್ನನ್ನು ನಿಜವಾಗಿ ನೋಡಿದ. ಒಂದು ಕ್ಷಣ, ಅಷ್ಟೇ. ಆ ಕ್ಷಣದ ಲೆಕ್ಕವನ್ನು ನಾನು ಇವತ್ತಿಗೂ ಮುಗಿಸಿಲ್ಲ.

ಹೆಸರು ಲಿಯಾಂಡರ್ ಲಾಕ್ಲಿ. ಊರು ಬಾಲ್ಟಿಮೋರ್. ಪ್ರತಿ ಗುರುವಾರ ವರ್ಜೀನಿಯಾದ ನಮ್ಮ ಕರಾವಳಿ ಕಡೆಗೆ ಬಂದು ಚರ್ಚುಗಳ ಪಿಯಾನೊ ಶ್ರುತಿ ಮಾಡುತ್ತಿದ್ದ. ಕೋರ್ಟಿಗೆ ಬಂದದ್ದು ಅಮ್ಮನಿಗಾಗಿ.

"ನಮ್ಮಮ್ಮಂಗೆ ಎಂಬತ್ತಾರು. ಹೃದಯ ಅರ್ಧ ಮಾತ್ರ ಕೆಲಸ ಮಾಡ್ತಿದೆ. ಅವರ ಅಜ್ಜಿ ಹೇಳ್ತಿದ್ದ ಕಥೆ ಒಂದಿದೆ. ನಮ್ಮ ವಂಶದ ಮೊದಲನೇ ಹೆಂಗಸು, ಜೂಡಿತ್ ಅಂತ, ಬ್ರಿಟಿಷರ ಕಾಲದಲ್ಲಿ ತಾನೇ ನಡ್ಕೊಂಡು ಕೋರ್ಟಿಗೆ ಹೋಗಿ, ನಾನು ಗುಲಾಮಳಲ್ಲ ಅಂತ ಕೇಸ್ ಹಾಕಿ ಗೆದ್ದಳಂತೆ. ಅದರ ಕಾಗದ ಒಂದನ್ನ ಕಣ್ಣಲ್ಲಿ ನೋಡಬೇಕು ಅಂತಾರೆ ಅಮ್ಮ."

"ಯಾವ ವರ್ಷ?"

"ಕಥೆಗೆ ವರ್ಷ ಎಲ್ಲಿರುತ್ತೆ ಮೇಡಂ?"

"ಮೇಡಂ ಬೇಡ. ನೋರಾ ಅನ್ನಿ."

ಗೋಡೆಯ ಬೋರ್ಡಿನಲ್ಲಿ ನನ್ನ ಪೂರ್ತಿ ಹೆಸರಿತ್ತು: ಲೆನೋರಾ ಪ್ರಿಚರ್ಡ್, ಉಪ ಗುಮಾಸ್ತೆ. ಅವನು ಅದನ್ನು ಓದಿ, "ಲೆನೋರಾ" ಅಂದ, ಪಿಯಾನೊದ ಒಂದು ಸ್ವರದ ಮನೆ ಒತ್ತಿ ಕಿವಿಗೊಟ್ಟವನ ಹಾಗೆ. ನಲವತ್ತನಾಲ್ಕು ವರ್ಷದಲ್ಲಿ ಆ ಹೆಸರನ್ನು ಯಾರೂ ಹಾಗೆ ಕರೆದಿರಲಿಲ್ಲ. ಬಿಟ್ಟುಹೋದ ಗಂಡನೂ ಕೂಡ.

ಅಂದಿನಿಂದ ಗುರುವಾರಗಳು ಬೇರೆಯಾದವು.

ಹಳೆಯ ಕೈಬರಹ ಅವನಿಗೆ ಓದಲು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕಲಿಸಿದೆ. ಕ್ರಯಪತ್ರ, ಉಯಿಲು, ಕೋರ್ಟಿನ ಆದೇಶ ಪುಸ್ತಕ, ಒಂದೊಂದೇ ಪುಟ. ಆ ಕಾಲದ ಬರಹದಲ್ಲಿ 'ಎಸ್' ಅಕ್ಷರ 'ಎಫ್' ಥರ ಕಾಣುತ್ತೆ ಅಂತ ಹೇಳಿಕೊಟ್ಟ ದಿನ ಅವನು ಇಡೀ ಮಧ್ಯಾಹ್ನ ನಗಿಸಿದ.

"ಹಾಗಾದ್ರೆ ನೀವು ತುಂಬಾ ಫ್ವೀಟ್ ಅನ್ನಬಹುದು."

"ಸುಮ್ನೆ ಪುಟ ತಿರುಗಿಸಿ."

"ಫರಿ ಮೇಡಂ."

ಪುಟ ತಿರುಗಿಸುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಇಬ್ಬರೂ ಗಮನಿಸದವರ ಹಾಗೆ ಇರುತ್ತಿದ್ದೆವು. ಆಮೇಲೆ ಅದೇ ಪುಟವನ್ನು ಮತ್ತೊಮ್ಮೆ ತಿರುಗಿಸುತ್ತಿದ್ದೆವು.

ಅವನ ಅಮ್ಮ ಒಡೆಸ್ಸಾ ಆಗಾಗ ಫೋನ್ ಮಾಡುತ್ತಿದ್ದರು. ಸ್ಪೀಕರಿನಲ್ಲಿ ಆ ದನಿ ಬಂದರೆ ಕೋಣೆಗೇ ಜೀವ ಬರುತ್ತಿತ್ತು. "ಏನಮ್ಮ, ಸಿಕ್ಕಿದಳಾ ನಮ್ಮ ಹುಡುಗಿ?"

"ಇನ್ನೂ ಇಲ್ಲ ಮಿಸ್ ಒಡೆಸ್ಸಾ. ಹುಡುಕ್ತಾ ಇದೀನಿ."

"ಹುಡುಕು, ಹುಡುಕು. ನನ್ನ ಮಗ ಅಲ್ಲಿ ಕೂತು ಕಾಗದ ನೋಡ್ತಾನೋ ನಿನ್ನ ನೋಡ್ತಾನೋ?"

"ಅಮ್ಮಾ!" ಲಿಯಾಂಡರ್ ಫೋನ್ ಕಿತ್ತುಕೊಂಡ. ಐವತ್ತರ ಹತ್ತಿರದ ಗಂಡಸು, ಶಾಲೆಯ ಹುಡುಗನ ಹಾಗೆ ನೆಲ ನೋಡುತ್ತ ನಿಂತ. ನನ್ನೊಳಗೆ ಏನೋ ಮೆತ್ತಗೆ ಕುಸಿದದ್ದು ಆವಾಗಲೇ.

ಅಕ್ಟೋಬರ್ ಹೊತ್ತಿಗೆ ಪುಸ್ತಕಗಳೆಲ್ಲ ಮುಗಿದವು. ಜೂಡಿತ್ ಎಲ್ಲೂ ಇರಲಿಲ್ಲ. ಉಳಿದದ್ದು ಅಟ್ಟದ ತಗಡಿನ ಪೆಟ್ಟಿಗೆಗಳು. ಒಳಗೆಲ್ಲ ಬಿಡಿ ಕಾಗದ. ಮಡಿಸಿ ಕಟ್ಟಿಟ್ಟವು ಸುಮಾರು ಮುನ್ನೂರು ವರ್ಷದಿಂದ ಬಿಚ್ಚಿರಲೇ ಇಲ್ಲ. ಅವನ್ನು ಬಿಡಿಸುವ ಅಧಿಕಾರ ನನಗೆ ಮಾತ್ರ. ತೇವ ಕೊಟ್ಟು, ಮಡಿಕೆ ನೀವಿ, ಹೊಸ ಲಕೋಟೆಯಲ್ಲಿಟ್ಟು, ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ತಾರೀಖು ಬರೆಯಬೇಕು. ಅದು ನಮ್ಮ ಕೋಣೆಯ ನಿಯಮ.

ಆ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ, ಅವಳು ಸಿಕ್ಕಿದಳು.

ಜೂಡಿತ್ ಲಾಕ್ಲಿಯ ಅರ್ಜಿ, 1738. ನನ್ನ ತಾಯಿ ಮೇರಿ ಲಾಕ್ಲಿ, ಇಂಗ್ಲೆಂಡಿನಿಂದ ಬಂದ ಬಿಳಿ ಆಳು. ತಂದೆ ಕಪ್ಪಾದರೂ ತಾಯಿ ಗುಲಾಮಳಲ್ಲದ್ದರಿಂದ, ಕಾನೂನಿನ ಪ್ರಕಾರ ನಾನು ಮೂವತ್ತೊಂದು ವರ್ಷ ತುಂಬುವವರೆಗೆ ಮಾತ್ರ ದುಡಿಯಬೇಕಿತ್ತು, ದುಡಿದಿದ್ದೇನೆ. ನನ್ನ ಧಣಿ ಥಾಮಸ್ ಆರ್ಡೆಲ್ ನನ್ನನ್ನು ಬಿಡುತ್ತಿಲ್ಲ. ಇದು ಅರ್ಜಿಯ ಸಾರ. ಕೆಳಗೆ ಸಹಿಯ ಬದಲು ಅವಳ ಗುರುತು, ಒಂದು ಓರೆ ಗೀಟು.

ನಾನು ಕೂಗಿಬಿಟ್ಟೆ. ಫೋನ್ ಕೈಗೆತ್ತಿಕೊಂಡೆ. ಅವನ ನಂಬರ್ ಒತ್ತುವ ಮೊದಲು, ಜೊತೆಗೇ ಮಡಿಸಿದ್ದ ಇನ್ನೊಂದು ಕಾಗದ ಬಿಡಿಸಿದೆ.

ಅದು ಸಾಕ್ಷಿಯ ಹೇಳಿಕೆ. ಈ ಜೂಡಿತಳ ತಾಯಿ ಮೇರಿ ಅಲ್ಲ, ಆರ್ಡೆಲ್ ಮನೆಯ ಗುಲಾಮ ಹೆಂಗಸು, ನನಗೆ ಚೆನ್ನಾಗಿ ಗೊತ್ತು ಅಂತ ನೆರೆಯವನೊಬ್ಬ ಬೈಬಲ್ ಮುಟ್ಟಿ ಹೇಳಿದ್ದ. ಅದೊಂದೇ ಮಾತಿನ ಮೇಲೆ ಅರ್ಜಿ ವಜಾ ಆಗಿತ್ತು. ಕೆಳಗೆ ಸ್ಪಷ್ಟವಾದ ಸಹಿ: ಗೈಲ್ಸ್ ಪ್ರಿಚರ್ಡ್.

ಗೈಲ್ಸ್ ಪ್ರಿಚರ್ಡ್ ನಮ್ಮ ಮೂಲಪುರುಷ. ನಮ್ಮ ಮನೆಯ ಹಜಾರದಲ್ಲಿ ಅವನ ಜಮೀನಿನ ಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ ನಮ್ಮಪ್ಪ. ಹೊಳೆಯ ದಂಡೆಯ ಐವತ್ತು ಎಕರೆ, ಇವತ್ತಿಗೂ ನಾವಿರುವ ನೆಲ, "ಸ್ನೇಹಪೂರ್ವಕವಾಗಿ" ಕೊಟ್ಟವನು ಥಾಮಸ್ ಆರ್ಡೆಲ್. ನಾನು ಓಡಿಹೋಗಿ ಕ್ರಯಪತ್ರದ ಪುಸ್ತಕ ತೆಗೆದು ತಾರೀಖು ನೋಡಿದೆ. ಸಾಕ್ಷಿ ಹೇಳಿದ ಮರು ತಿಂಗಳು.

ಫೋನ್ ಕೆಳಗಿಟ್ಟೆ.

ಲಕೋಟೆಯ ಮೇಲೆ ತಾರೀಖು ಬರೆದು, ಕೆಳಗಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಗುರುವಾರ ಹೇಳೋಣ ಅಂದುಕೊಂಡೆ. ಎದುರಿಗೆ ಕೂರಿಸಿಕೊಂಡು, ಸರಿಯಾಗಿ.

ಗುರುವಾರ ಅವನು ಅಮ್ಮ ಮಾಡಿಸಿ ಕಳಿಸಿದ ಗೆಣಸಿನ ಪೈ ಹಿಡಿದು ಬಂದ. "ಏನಾದ್ರೂ ಸಿಕ್ತಾ?"

ಬಾಯಿ ತೆರೆದೆ. "ಇನ್ನೂ ಇಲ್ಲ" ಅಂತ ಬಂತು.

ಅಂದು ಸಂಜೆ ಅವನು ನನ್ನನ್ನು ಹೊಳೆಯಾಚೆಯ ಪುಟ್ಟ ಚರ್ಚಿಗೆ ಕರೆದುಕೊಂಡು ಹೋದ. ಖಾಲಿ ಬೆಂಚುಗಳು, ಕಿಟಕಿಯಲ್ಲಿ ಜೇನಿನ ಬಣ್ಣದ ಬಿಸಿಲು. ಪಿಯಾನೊದ ಮುಚ್ಚಳ ತೆಗೆದು ತಂತಿಗಳನ್ನು ತೋರಿಸಿದ.

"ಒಂದು ಸ್ವರಕ್ಕೆ ಮೂರು ತಂತಿ. ಒಂದು ಕೂದಲೆಳೆಯಷ್ಟು ಸಡಿಲವಾದ್ರೂ ಸ್ವರ ನಡುಗುತ್ತೆ. ಕೇಳು." ಮನೆ ಒತ್ತಿದ. ನಡುಗಿತು. ಕೀಲಿ ತಿರುಗಿಸಿದ. ನಿಧಾನವಾಗಿ ನಡುಕ ನಿಂತಿತು. "ನಿನ್ನ ಪಕ್ಕ ಕೂತಾಗ ನಂಗೆ ಹೀಗಾಗುತ್ತೆ ಲೆನೋರಾ."

'ನೀವು' ಯಾವಾಗ 'ನೀನು' ಆಯಿತೋ ತಿಳಿಯಲಿಲ್ಲ. ಅವನ ಅಂಗೈ ನನ್ನ ಕೆನ್ನೆಯ ಮೇಲಿತ್ತು. ಆ ಮುತ್ತಿನ ನಡುವೆಯೂ ಬೀಗ ಹಾಕಿದ ಡ್ರಾಯರು ನೆನಪಿತ್ತು. ಇನ್ನೊಂದು ವಾರ, ಇನ್ನೊಂದೇ ವಾರ ಇವನು ನನ್ನನ್ನು ಹೀಗೆ ನೋಡಲಿ ಅಂತ ದೇವರನ್ನು ಬೇಡಿಕೊಂಡೆ.

ಬೇಡಿಕೊಂಡದ್ದು ಸಿಕ್ಕಿತು. ಬರೀ ಅಷ್ಟೇ ಸಿಕ್ಕಿತು.

ಮುಂದಿನ ಗುರುವಾರ ಲಕೋಟೆಯನ್ನು ಮೇಜಿನ ಮೇಲಿಟ್ಟು ಕಾದೆ. ಹನ್ನೊಂದಾಯಿತು, ಹನ್ನೆರಡಾಯಿತು. ಫೋನ್ ಬಂತು.

"ನಿನ್ನೆ ಬೆಳಿಗ್ಗೆ ಅಮ್ಮ ಹೋಗಿಬಿಟ್ರು" ಅಂದ. ನಾನು ಲಕೋಟೆಯನ್ನು ಮತ್ತೆ ಡ್ರಾಯರಿನಲ್ಲಿಟ್ಟೆ.

ಎರಡು ವಾರ ಕಳೆದು ಬಂದ, ಕಪ್ಪು ಟೈ ಕಟ್ಟಿಕೊಂಡು. ನನ್ನ ಭುಜಕ್ಕೆ ಹಣೆ ಆನಿಸಿ ನಿಂತ. ನಾನು ಅವನನ್ನು ಕೂರಿಸಿ, ಲಕೋಟೆ ಮುಂದಿಟ್ಟೆ. ಮುಚ್ಚಿಡುವುದು ನನ್ನಿಂದ ಇನ್ನು ಆಗುತ್ತಿರಲಿಲ್ಲ.

ಅವನು ಈಗ ಆ ಕೈಬರಹವನ್ನು ತಾನೇ ಓದಬಲ್ಲವನಾಗಿದ್ದ. ಅರ್ಜಿ ಓದಿದ. ಆ ಓರೆ ಗೀಟಿನ ಮೇಲೆ ಬೆರಳು ತಾಗಿಸದೆ ಬೆರಳಾಡಿಸಿದ. ಸಾಕ್ಷಿಯ ಹೇಳಿಕೆ ಓದಿದ. ಸಹಿ ನೋಡಿದ. ಗೋಡೆಯ ಬೋರ್ಡು ನೋಡಿದ.

"ನಿಮ್ಮವನಾ?"

"ಹೂಂ."

ತಲೆಯಾಡಿಸಿದ. ಸಿಟ್ಟು ಕಾಣಲಿಲ್ಲ. ಕಾಗದ ಲಕೋಟೆಗೆ ಹಾಕಲು ಹೋದವನು ನಿಂತ. ಪೆನ್ಸಿಲಿನ ತಾರೀಖು, ನನ್ನ ಅಕ್ಷರ.

"ಇದು ಅಕ್ಟೋಬರ್ ಎರಡನೇ ಸೋಮವಾರ."

"ಲಿಯಾಂಡರ್..."

"ಅಮ್ಮ ಹೋಗಿದ್ದು ಅದರ ಮರು ವಾರದ ಬುಧವಾರ." ಬೆರಳು ಮಡಿಸಿ ಎಣಿಸಿದ. "ಒಂಬತ್ತು ದಿನ. ನಾವು ಚರ್ಚಿಗೆ ಹೋದಾಗ ಇದು ನಿನ್ನ ಹತ್ರ ಇತ್ತು."

"ಹೆದರಿದ್ದೆ. ನಿನ್ನ ಕಳ್ಕೊಳ್ತೀನಿ ಅಂತ."

"ಮಂಗಳವಾರ ರಾತ್ರಿ ಅಮ್ಮ ಕೇಳಿದ್ರು, ಸಿಕ್ತಾ ಅಂತ. ಅವಳು ಹುಡುಕ್ತಾ ಇದಾಳಮ್ಮ, ಅವಳ ಕೈಲಿ ಸಿಕ್ಕೇ ಸಿಗುತ್ತೆ ಅಂದೆ. 'ಒಳ್ಳೇ ಹುಡುಗಿ' ಅಂದ್ರು." ಎದ್ದ. ಟೂಲ್ ಬ್ಯಾಗು ತೆಗೆದುಕೊಂಡ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹೊಳೆಯಲ್ಲಿ ಸಿಂಪಿ ಚಿಪ್ಪುಮೀನು ಹಿಡಿದು ಮಾರಿ ಬದುಕಿದವರು, ಮಾತು ಕಡಿಮೆ. "ಮುನ್ನೂರು ವರ್ಷದ ಮಾತು ಬಿಡೇ" ಅಂದರು. ಮರುದಿನ ಬೆಳಿಗ್ಗೆ ನೋಡಿದರೆ ಹಜಾರದ ಗೋಡೆ ಖಾಲಿ, ಕಟ್ಟು ಇದ್ದ ಜಾಗದಲ್ಲಿ ಬಿಳಿ ಚೌಕ.

ಆ ಚಳಿಗಾಲವೆಲ್ಲ ನಾನು ಪೆಟ್ಟಿಗೆ ಬಿಡಿಸಿದೆ. ಕೆಲಸ ಮುಗಿದ ಮೇಲೂ, ಶನಿವಾರವೂ. ಅವನನ್ನು ವಾಪಸ್ ತರಲಿಕ್ಕೆ ಅಂದರೆ ಅರ್ಧ ನಿಜ. ಇನ್ನರ್ಧ, ಮಿಸ್ ಒಡೆಸ್ಸಾ ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿತ್ತು.

ಫೆಬ್ರವರಿಯಲ್ಲಿ ಸಿಕ್ಕಿತು. 1744. ಜೂಡಿತ್ ಸೋತು ಆರು ವರ್ಷವಾದ ಮೇಲೆ ಮತ್ತೆ ಬಂದಿದ್ದಳು, ಈ ಸಲ ಒಬ್ಬ ಮುದಿ ಸೂಲಗಿತ್ತಿಯನ್ನು ಕರೆದುಕೊಂಡು. ಆ ಮುದುಕಿ ಹೇಳಿದ್ದು ಒಂದೇ ಸಾಲು: ಈ ಮಗು ಮೇರಿ ಲಾಕ್ಲಿಯ ಹೊಟ್ಟೆಯಿಂದ ಬಂದಾಗ ಹಿಡಿದದ್ದು ನನ್ನ ಈ ಕೈಗಳು. ಅದರ ಕೆಳಗೆ ಕೋರ್ಟಿನ ಆದೇಶ: ಜೂಡಿತ್ ಸ್ವತಂತ್ರಳು, ಅವಳ ಮಕ್ಕಳು ಗುಲಾಮರಲ್ಲ.

ಮೊದಲನೇ ಕಾಗದ ಸಿಕ್ಕ ದಿನವೇ ನಾನು ಹೇಳಿದ್ದರೆ, ಮಿಸ್ ಒಡೆಸ್ಸಾಗೆ ಕೊನೆ ಪಕ್ಷ ಆ ಅರ್ಜಿ, ಆ ಗೀಟು ಕಣ್ಣಿಗೆ ಬೀಳುತ್ತಿತ್ತು.

ಎರಡೂ ವರ್ಷದ ಕಾಗದಗಳ ನಕಲು ತೆಗೆದು, ಕೋರ್ಟಿನ ಮುದ್ರೆ ಒತ್ತಿಸಿ, ಒಂದು ಭಾನುವಾರ ಮೂರು ಗಂಟೆ ಕಾರು ಓಡಿಸಿಕೊಂಡು ಬಾಲ್ಟಿಮೋರಿಗೆ ಹೋದೆ. ಸಾಲು ಮನೆ, ಬಿಳಿ ಕಲ್ಲಿನ ಮೆಟ್ಟಿಲು. ಬಾಗಿಲು ತೆಗೆದದ್ದು ಅವನ ಅಕ್ಕ ವರ್ಡಿ. ಒಳಗೆ ಚರ್ಚಿನಿಂದ ಬಂದ ಇಡೀ ಕುಟುಂಬ, ಹುರಿದ ಕೋಳಿಯ ಘಮ. ಹಿಂದೆ ಲಿಯಾಂಡರ್. ತೆಳ್ಳಗಾಗಿದ್ದ.

"ಸಿಕ್ಕಿದಳು" ಅಂದೆ. "ಗೆದ್ದಿದ್ದಳು."

ಕಾಗದ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. "ಓದು. ಎಲ್ಲರಿಗೂ ಕೇಳೋ ಹಾಗೆ. ಎರಡೂ."

ಓದಿದೆ. ಗೈಲ್ಸ್ ಪ್ರಿಚರ್ಡ್ ಅನ್ನುವ ಹೆಸರು ಬಂದಾಗ ನಿಲ್ಲಿಸಿ, "ಇವನು ನಮ್ಮ ಮನೆಯವನು, ಇವನು ಹೇಳಿದ್ದು ಸುಳ್ಳು" ಅಂದೆ. ಸೂಲಗಿತ್ತಿಯ ಸಾಲು ಓದುವಾಗ ವರ್ಡಿ ಬಾಯಿಗೆ ಕೈ ಒತ್ತಿಕೊಂಡಳು. ಮುಗಿದಾಗ ಬಂದು ನನ್ನನ್ನು ಅಪ್ಪಿಕೊಂಡಳು. "ಅಮ್ಮ ಇರಬೇಕಿತ್ತು" ಅಂದಳು. ಅವಳಿಗೆ ಒಂಬತ್ತು ದಿನದ ವಿಷಯ ಗೊತ್ತಿರಲಿಲ್ಲ. ಅವನು ಯಾರಿಗೂ ಹೇಳಿರಲಿಲ್ಲ.

ಲಿಯಾಂಡರ್ ಕಾರಿನವರೆಗೆ ಬಂದ.

"ಯಾಕೆ ಹೇಳ್ಲಿಲ್ಲ ಅವರಿಗೆ?" ಅಂತ ಕೇಳಿದೆ.

"ಅಮ್ಮ ನಿನ್ನ ಒಳ್ಳೇ ಹುಡುಗಿ ಅಂದಿದ್ರು. ಅದನ್ನ ಅಳಿಸೋಕೆ ಮನಸ್ಸು ಬರ್ಲಿಲ್ಲ."

"ನಂಗೆ ನಿನ್ನ ಬಿಟ್ಟು ಇರೋಕೆ ಆಗ್ತಿಲ್ಲ ಲಿಯಾಂಡರ್."

"ನಂಗೂ ಆಗ್ತಿಲ್ಲ. ಅದೇ ಕಷ್ಟ." ನನ್ನ ಕೋಟಿನ ಕಾಲರು ಸರಿಮಾಡಿದ. ಕೈ ಅಲ್ಲೇ ಒಂದಿಷ್ಟು ಹೊತ್ತು ನಿಂತಿತು. "ಗೈಲ್ಸ್ ಮಾಡಿದ್ದಕ್ಕೆ ನಿನ್ನ ಮೇಲೆ ಒಂದು ಗಳಿಗೆಯೂ ಸಿಟ್ಟು ಬರ್ಲಿಲ್ಲ, ಆಣೆ. ಅದು ಅವನದು. ಒಂಬತ್ತು ದಿನ ನಿನ್ನವು. ನಿನ್ನ ಮುಖ ನೋಡಿದಾಗೆಲ್ಲ ಅಮ್ಮ ಕೇಳೋದು ಕೇಳಿಸುತ್ತೆ. ಯಾವತ್ತಾದ್ರೂ ನಿಲ್ಲುತ್ತೇನೋ ಅಂತ ಕಾದೆ. ನಿಲ್ಲಲಿಲ್ಲ."

"ಕಾಯ್ತೀನಿ."

"ಬೇಡ." ಎಷ್ಟು ಮೃದುವಾಗಿ ಹೇಳಿದ. "ಕಾಯ್ಬೇಡ. ಜೋಪಾನವಾಗಿ ಓಡಿಸು."

ಹಣೆಗೊಂದು ಮುತ್ತಿಟ್ಟು ಮೆಟ್ಟಿಲು ಹತ್ತಿ ಹೋದ. ತಿರುಗಿ ನೋಡಲಿಲ್ಲ.

ನಾನು ಕಾರಿನಲ್ಲಿ ಕೂತೆ. ಕೀಲಿ ತಿರುಗಿಸಲು ಕೈ ಬರಲಿಲ್ಲ. ಅಡುಗೆಮನೆಯ ಬಿಸಿಗೆ ಕಿಟಕಿ ತೆರೆದಿಟ್ಟಿದ್ದರು. ಒಳಗೆ ವರ್ಡಿ ಮನೆಯ ಮಕ್ಕಳನ್ನು ಕೂರಿಸಿಕೊಂಡು ಜೂಡಿತಳ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಳು, ವರ್ಷ ಸಮೇತ, ಸೂಲಗಿತ್ತಿಯ ಸಮೇತ. ಸುಳ್ಳು ಸಾಕ್ಷಿಯ ಜಾಗ ಬಂದಾಗ ಅವಳು ಹೆಸರನ್ನು ಮರೆತು ತಡವರಿಸಿದಳು.

"ಪ್ರಿಚರ್ಡ್" ಅಂತ ಲಿಯಾಂಡರನ ದನಿ ಹೇಳಿಕೊಟ್ಟಿತು. ನಿಧಾನವಾಗಿ, ಒಂದೊಂದು ಅಕ್ಷರವೂ ಕೇಳುವ ಹಾಗೆ.

ನಾನು ಕಾರು ಸ್ಟಾರ್ಟ್ ಮಾಡಿದೆ.