ಹತ್ತು ಸಾವಿರದ ಏಳರ ಬಳಗ

ಏಳರಿಂದ ಭಾಗಿಸಿದರೂ ನಾಲ್ಕು ಉಳಿಯಿತು. ಕೋಮಲ ರಬ್ಬರ್ ತೆಗೆದು ಆ ನಾಲ್ಕನ್ನು ಅಳಿಸಿಯೇಬಿಟ್ಟಳು. ಮರುಗಳಿಗೆ ನಾಚಿಕೆಯಾಗಿ ಮತ್ತೆ ಬರೆದಳು. ಹಾಳೆ ಅಲ್ಲಿ ತೆಳ್ಳಗಾಗಿ ಹರಿಯುವಂತಾಗಿತ್ತು.

ಶಬಾನಾ ಟೀಚರ್ ಆರನೆಯ ಕ್ಲಾಸಿನ ಎಲ್ಲರಿಗೂ ಒಂದೊಂದು ದೊಡ್ಡ ಸಂಖ್ಯೆಯ ಚೀಟಿ ಕೊಟ್ಟಿದ್ದರು. ಯಾವುದರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲವೋ ಅದು ಆ ಸಂಖ್ಯೆಯ ಬಳಗ. ನಾಳೆ ಬಳಗವನ್ನೆಲ್ಲ ಬರೆದು ತರಬೇಕು. ನೂರರವರೆಗೆ ಹುಡುಕಿದರೂ ಸಿಗದಿದ್ದರೆ ಮುಂದೆ ಹುಡುಕುವುದು ಬೇಡ ಎಂದಿದ್ದರು. ಪ್ರಜ್ಞಾಳಿಗೆ ಬಂದದ್ದು 10080. ಶಾಲೆ ಬಿಡುವ ಮೊದಲೇ ನಲವತ್ತು ಸಿಕ್ಕು ಕುಣಿಯುತ್ತಿದ್ದಳು. ಕೋಮಲಳಿಗೆ ಬಂದದ್ದು 10007.

ಎರಡರಿಂದ ಹೋಗಲಿಲ್ಲ, ಮೂರರಿಂದಲೂ ಇಲ್ಲ. ಎರಡರಿಂದ ಹೋಗದ್ದು ನಾಲ್ಕರಿಂದ ಹೇಗೆ ಹೋದೀತು ಎಂದು ಜಾಣೆ ಅದನ್ನು ಬಿಟ್ಟಳು. ಹನ್ನೊಂದು, ಹದಿಮೂರು ಎನ್ನುತ್ತ ತೊಂಬತ್ತೇಳರವರೆಗೆ ಹೋದಳು. ಪ್ರತಿ ಸಲವೂ ಏನಾದರೊಂದು ಉಳಿದೇ ಉಳಿಯಿತು.

ಅವಳ ಕಣ್ಣು ತುಂಬಿತು. ಹೋದ ವಾರ ‘ನನ್ನ ಬಳಗ’ ಚಾರ್ಟಿನಲ್ಲಿ ಪ್ರಜ್ಞಾ ಇಪ್ಪತ್ತೆರಡು ಹೆಸರು ಬರೆದಿದ್ದಳು. ಚಿಕ್ಕವಳಿದ್ದಾಗಲೇ ಅಪ್ಪ, ಅವ್ವ ತೀರಿಹೋದಮೇಲೆ ಆಯಿಯ ಊರಾದ ತಾಂಬಾಕ್ಕೆ ಬಂದ ಕೋಮಲಳ ಚಾರ್ಟಿನಲ್ಲಿ ಇದ್ದದ್ದು ಅವಳ ಹೆಸರೊಂದೇ. ನಾಳೆ ತನ್ನ ಸಂಖ್ಯೆಯದೂ ಅದೇ ಗತಿಯಾದರೆ ಎಲ್ಲರೂ ನಗುತ್ತಾರೆ.

ಆಯಿ, ಅಂದರೆ ಅವಳ ಅಜ್ಜಿ ಸುಂದರವ್ವ, ಪಡಸಾಲೆಯಲ್ಲಿ ನಿಂಬೆಕಾಯಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು. ಎರಡೂ ಕೈ ಸೇರಿಸಿ ಐದು ಕಾಯಿ ಹಾಕಿದರೆ ಒಂದು ಎಣಿಕೆ.

“ಲಾಭ, ಎರಡು, ಮೂರು, ನಾಲ್ಕು...”

“ಆಯಿ, ನೀ ಒಂದು ಅಂತ ಯಾಕ ಅನ್ನಂಗಿಲ್ಲ?”

“ಮೊದಲ ಬಂದದ್ದಕ್ಕ ಬರೇ ಒಂದು ಅಂತಾರೇನ, ಹುಚ್ಚಿ? ಅದು ಬಂದರನ ಉಳಿದದ್ದು ಬರ್ತೈತಿ. ಅದಕ್ಕ ಲಾಭ ಅನ್ನೋದು.”

ಕೋಮಲ ನೋಟ್‌ಬುಕ್ ನೋಡಿದಳು. ಎಣಿಕೆ ಕಲಿತದ್ದೇ ಆಯಿಯ ಪಕ್ಕ ಕೂತು. ಹಾಗಾಗಿ ಭಾಗಾಕಾರವನ್ನೂ ಎರಡರಿಂದಲೇ ಶುರುಮಾಡಿದ್ದಳು. ಒಂದನ್ನು ಕರೆದೇ ಇರಲಿಲ್ಲ. ಈಗ ಒಂದರಿಂದ ಭಾಗಿಸಿದಳು. ಏನೂ ಉಳಿಯಲಿಲ್ಲ.

ಮರುದಿನ ಎಪ್ಪತ್ತೆರಡು ಸಂಖ್ಯೆ ಓದಿ ಮುಗಿಸುವಷ್ಟರಲ್ಲಿ ಪ್ರಜ್ಞಾಳ ಗಂಟಲು ಒಣಗಿತ್ತು. ಆಮೇಲೆ ಕೋಮಲ ಎದ್ದಳು.

“ನನ್ನ ಸಂಖ್ಯಾಕ್ಕ ಒಂದು ಐತ್ರಿ. ಮತ್ತ ಅದು ತಾನು. ಅಷ್ಟರಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ್ ಮಾತ್ರ ಅವಳ ಒಂದೊಂದು ಭಾಗಾಕಾರವನ್ನೂ ನೋಡಿದರು, ಹರಿಯುವಂತಿದ್ದ ಹಾಳೆಯನ್ನೂ ನೋಡಿದರು. ಬೋರ್ಡಿನ ಮೇಲೆ ದೊಡ್ಡದಾಗಿ 10007 ಎಂದು ಬರೆದು, ಇದು ಅವಿಭಾಜ್ಯ ಸಂಖ್ಯೆ, ಐದಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಇದೇ ಎಂದರು.

ಸಂಜೆ ಆಯಿ ಕಾಯಿ ಹರವಿಕೊಂಡು ಕೂತಿದ್ದಳು.

“ಬಳಗ ಸಿಕ್ತೇನ ನಿನ್ನ ಸಂಖ್ಯಾಕ್ಕ?”

“ಸಿಕ್ತು.”

“ಎಷ್ಟು ಮಂದಿ?”

“ತಾನು, ಮತ್ತ...”

ಕೋಮಲ ಆಯಿಗೆ ಒತ್ತಿ ಕೂತಳು. ಎರಡೂ ಕೈಯಲ್ಲಿ ಐದು ಕಾಯಿ ಎತ್ತಿ ಚೀಲಕ್ಕೆ ಹಾಕಿದಳು.

“ಲಾಭ,” ಎಂದಳು.