ಕೇತಲೆ ಬರೆದ ಸೂರ್ಯ

ಅಂದು ಎಂದಿನಂಥದೇ ಒಂದು ದಿನ. ಬೆಳಗುನಾಡಿನಲ್ಲಿ ಹಾಲು ಕರೆದಿದ್ದರು, ಅಂಗಳ ಗುಡಿಸಿದ್ದರು, ಮೇಲೆ ಅಕಾಲದ ಮೋಡ ಕವಿದಿತ್ತು. ಇದು ಬಹಳ ಹಿಂದಿನ ಮಾತು. ಆಗ ಹಾವುಗಳು ಪ್ರಶ್ನೆ ಕೇಳುತ್ತಿದ್ದವು, ಮನುಷ್ಯರು ನಿಂತು ಉತ್ತರ ಹೇಳುತ್ತಿದ್ದರು.

ಆ ನಾಡಿನ ಅರಮನೆಯ ಪಕ್ಕದಲ್ಲಿ ನೇಸರಮನೆ ಎಂಬ ಕತ್ತಲೆಯ ಗೋಪುರವಿತ್ತು. ಅದರ ನೆತ್ತಿಯಲ್ಲಿ ಒಂದು ಸ್ಫಟಿಕದ ಬಿಲ್ಲೆ. ಅದರೊಳಗಿಂದ ಇಳಿದ ಬಿಸಿಲು ಕೆಳಗಿನ ಬಿಳಿಯ ಹಲಗೆಯ ಮೇಲೆ ಗೇಣಗಲದ ಸೂರ್ಯನಾಗಿ ನಿಲ್ಲುತ್ತಿತ್ತು. ಕೇತಲೆ ಎಂಬ ಹೆಂಗಸು ದಿನಾ ಬೆಳಿಗ್ಗೆ ಅಲ್ಲಿ ಕಾಗದವಿಟ್ಟು, ಸೂರ್ಯನ ಮೈಮೇಲಿನ ಕಪ್ಪು ಕಲೆಗಳನ್ನು ಒಂದೊಂದಾಗಿ ಗುರುತು ಹಾಕುತ್ತಿದ್ದಳು.

ಅದು ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ. ಸೂರ್ಯನೊಳಗೆ ಉರಿಸಿಂಹವೊಂದಿತ್ತು. ಕಾರ್ಮುಗ ಎಂಬ ಮಾಂತ್ರಿಕ ಅದನ್ನು ಸಾಕಿದ್ದ. ದೊಡ್ಡ ಕಲೆಯೊಂದು ಸೂರ್ಯನ ನಡುವೆ ಬಂದಾಗ ಅದೇ ಬಾಗಿಲಾಗಿ ಸಿಂಹ ಹೊರಗೆ ಹಾರುತ್ತಿತ್ತು. ಬಯಲಲ್ಲಿ ಸಿಕ್ಕವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಅದಕ್ಕೇ ಕೇತಲೆಯ ಹಾಳೆಯನ್ನು ದಿನಾ ಊರಬಾಗಿಲಿಗೆ ತೂಗುಹಾಕುತ್ತಿದ್ದರು. ನಡುವೆ ಕಲೆಯಿದ್ದರೆ ಯಾರೂ ಹೊರಗೆ ಹೋಗಬಾರದು. ಮೋಡ ಮುಚ್ಚಿ ಸೂರ್ಯ ಕಾಣದ ದಿನ ಹಾಳೆ ಖಾಲಿ ಇರುತ್ತಿತ್ತು. ಖಾಲಿ ಇದ್ದರೂ ಹೋಗಬಾರದು. ಇದು ನೇಸರಮನೆಯ ಕಟ್ಟಳೆ.

ಕಲೆಗಳು ಸೂರ್ಯನ ಒಂದಂಚಿನಿಂದ ಇನ್ನೊಂದಂಚಿಗೆ ಹದಿಮೂರು ದಿನ ನಡೆಯುತ್ತವೆ ಎಂದು ಕಂಡುಹಿಡಿದವಳು ಕೇತಲೆಯೇ. ಕಳೆದ ಸಂಕ್ರಾಂತಿಯಿಂದ ಅವಳು ಒಂದು ದಿನವೂ ಖಾಲಿ ಬಿಡದೆ ಮುನ್ನೂರ ಅರವತ್ತನಾಲ್ಕು ಹಾಳೆ ಬರೆದಿದ್ದಳು. ಇನ್ನೊಂದು ಬರೆದರೆ ವರ್ಷ ತುಂಬುತ್ತಿತ್ತು. ಅವಳಿಗಿಂತ ಮೊದಲು ಯಾರೂ ತುಂಬಿದ ವರ್ಷ ಬರೆದಿರಲಿಲ್ಲ.

ಗಂಡ ಮಾಚಯ್ಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತ.

"ಏನಂತಾನೆ ನಿನ್ನ ಸೂರ್ಯ? ಹಲಗೆ ಮಾಸಿದೆ ಅಂತ ವಾರದಿಂದ ಗೊಣಗುತ್ತಿದ್ದೀಯ. ಗುಡ್ಡಕ್ಕೆ ಹೋಗಿ ಬಿಳಿಮಣ್ಣು ತಂದುಬಿಡುತ್ತೇನೆ."

"ಸ್ವಲ್ಪ ತಾಳಿ. ಇನ್ನೂ ಮುಖ ತೋರಿಸಿಲ್ಲ."

"ನಿನಗೆ ಹೆದರಿ ಅವಿತಿರಬೇಕು. ಪಾಪ, ಅವನ ಕಷ್ಟ ನನಗೆ ಗೊತ್ತು."

ಅವಳು ನಕ್ಕಳು. ಅವನು ಅಂಗಳದಲ್ಲಿ ಕುಳಿತು ಬುಟ್ಟಿಯ ಹಿಡಿ ಬಿಗಿಮಾಡತೊಡಗಿದ. ಕೇತಲೆ ಖಾಲಿ ಕಾಗದದ ಮುಂದೆ ಕುಳಿತಳು. ನಿನ್ನೆ ಸೂರ್ಯನ ಅಂಚಿನಲ್ಲಿ ಒಂದೇ ಒಂದು ಚಿಕ್ಕ ಕಲೆಯಿತ್ತು. ಒಂದು ದಿನಕ್ಕೆ ಅದು ಎಷ್ಟು ಸರಿಯುತ್ತದೆ ಎಂಬುದು ಅವಳಷ್ಟು ಚೆನ್ನಾಗಿ ನಾಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಲೇಖನಿ ಅದ್ದಿ, ಕಲೆ ಇರಬೇಕಾದಲ್ಲಿ ಕಲೆ ಇಟ್ಟಳು.

ಆ ಲೆಕ್ಕ ತಪ್ಪಿರಲಿಲ್ಲ. ಆದರೆ ಒಂದೇ ದಿನದಲ್ಲಿ ಸೂರ್ಯನ ನಡುವೆ ಹೊಸ ಕಲೆ ಹುಟ್ಟಬಹುದು. ಅದೂ ಅವಳಿಗೆ ಗೊತ್ತಿತ್ತು.

ಹಾಳೆ ಊರಬಾಗಿಲಿಗೆ ಹೋಯಿತು. ಮಾಚಯ್ಯ ಅದನ್ನು ನೋಡಿ, "ಇಷ್ಟು ಹೊತ್ತಿಗೆ ಎದ್ದನಾ ನಿಮ್ಮ ಸೂರ್ಯದೊರೆ?" ಎಂದು ಕಾವಲಿನವನನ್ನು ಕೇಳಿ ಗುಡ್ಡದ ಹಾದಿ ಹಿಡಿದ. ಮಧ್ಯಾಹ್ನ ಮೋಡ ಹರಿಯಿತು. ಹಲಗೆಯ ಮೇಲಿನ ಸೂರ್ಯನ ನಟ್ಟನಡುವೆ ಹೆಬ್ಬೆರಳಗಲದ ಕಪ್ಪು ಕಲೆ ನಿಂತಿತ್ತು. ಕೇತಲೆ ಓಡಿಹೋಗಿ ನಗಾರಿ ಬಾರಿಸಿದಳು. ಕೈಯ ಚರ್ಮ ಕಿತ್ತುಬರುವವರೆಗೆ ಬಾರಿಸಿದಳು. ಹೊತ್ತು ಮುಳುಗಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಮಾಚಯ್ಯ ಸಿಕ್ಕಿದ. ಹೆಗಲಲ್ಲಿ ಬುಟ್ಟಿ, ಬುಟ್ಟಿಯ ತುಂಬ ಮಣ್ಣು. ಮೂರೂ ಕಲ್ಲಾಗಿದ್ದವು.

ಕೇತಲೆ ತನ್ನ ತಪ್ಪನ್ನು ಯಾರಿಗೂ ಹೇಳಲಿಲ್ಲ. ಗಂಡನನ್ನು ಬಿಡಿಸಿ ತರುತ್ತೇನೆ ಎಂದಷ್ಟೇ ಹೇಳಿ ಕಾರ್ಮುಗನ ಬೆಟ್ಟಕ್ಕೆ ಹೊರಟಳು.

ಬೆಟ್ಟದ ಬುಡದಲ್ಲಿ ತಾಮ್ರದ ಹಾವೊಂದು ಬಿಲದಿಂದ ಅರ್ಧ ಹೊರಗೆ ಚಾಚಿಕೊಂಡ ಹಾಗಿತ್ತು.

"ನನ್ನ ಮೈಮೇಲೆ ಎಷ್ಟು ಪಟ್ಟೆ ಇವೆ? ತಪ್ಪಿದರೆ ನುಂಗುತ್ತೇನೆ."

ಕೇತಲೆ ಎರಡು ಸಲ ಎಣಿಸಿದಳು. "ಹೊರಗೆ ನಲವತ್ತೆರಡು. ಬಿಲದೊಳಗಿನದನ್ನು ನಾನು ಕಂಡಿಲ್ಲ."

"ಅಂದಾಜು ಹೇಳು. ತಿಳಿದವಳ ಹಾಗೆ ಕಾಣುತ್ತೀಯ."

"ಕಂಡಿಲ್ಲ."

"ಬಂದವರೆಲ್ಲ ಎಂಬತ್ತನಾಲ್ಕು ಅಂದರು," ಎಂದಿತು ಹಾವು ದಾರಿ ಬಿಡುತ್ತ. "ಎಲ್ಲರೂ ಹೊಟ್ಟೆಯಲ್ಲಿದ್ದಾರೆ. ಬಿಲದೊಳಗೆ ನನಗೆ ಬಾಲವೇ ಇಲ್ಲ."

ಬೆಟ್ಟದ ನಡುವೆ ದಟ್ಟ ಮಂಜು. ಮಂಜಿನ ಬಾಯಲ್ಲಿ ಮುದಿ ಕರಡಿಯೊಂದು ಕುಳಿತಿತ್ತು. "ಮುಂದೆ ಇರುವುದು ಸೇತುವೆಯೋ ಪ್ರಪಾತವೋ?" ಎಂದಿತು.

"ಗೊತ್ತಿಲ್ಲ," ಎಂದು ಕೇತಲೆ ಮಂಡಿಯೂರಿ ಕುಳಿತು, ಒಂದೊಂದು ಹಲಗೆಯನ್ನೂ ಕೈಯಿಂದ ಮುಟ್ಟಿ ನೋಡಿ ಮುಂದೆ ಸರಿದಳು. ನಡುವೆ ಮೂರು ಹಲಗೆಗಳಿರಲಿಲ್ಲ. ಅವಳು ದಾಟಿದಳು.

ತುದಿಯ ಗುಹೆಯಲ್ಲಿ ಕಾರ್ಮುಗ ಕುಳಿತಿದ್ದ. ಅವನ ಮುಂದೆ ಅವಳ ಹಾಳೆಗಳೇ ಹರಡಿದ್ದವು.

"ಬಾ ತಾಯಿ. ನಿನ್ನ ಬರಹ ಬಲು ಅಂದ. ಒಂದೇ ಪ್ರಶ್ನೆ. ಈ ವರ್ಷ ಎಷ್ಟು ದಿನ ಸೂರ್ಯನನ್ನು ಕಂಡು ಬರೆದೆ? ಇಲ್ಲಿ ಆಡಿದ ಮಾತು ನಿನ್ನ ಊರಿನ ಮನೆಮನೆಗೂ ಕೇಳುತ್ತದೆ. ಸುಳ್ಳಾದರೆ ನೀನು ಇಲ್ಲೇ ಕಲ್ಲು. ನಿಜವಾದರೆ ನನ್ನ ಮಂತ್ರ ಮುರಿಯುತ್ತದೆ. ಊರು ಕೇಳುವಾಗ ನಿಜ ಹೇಳಿದವರನ್ನು ನಾನಿನ್ನೂ ನೋಡಿಲ್ಲ."

ಕೇತಲೆ ಆ ಹಾಳೆಗಳಲ್ಲಿ ಕೊನೆಯದನ್ನು ಕೈಗೆತ್ತಿಕೊಂಡಳು.

"ಮುನ್ನೂರ ಅರವತ್ತನಾಲ್ಕು ದಿನ ಕಂಡು ಬರೆದೆ," ಎಂದಳು. "ಒಂದು ದಿನ ಕಾಣದೆ ಬರೆದೆ. ನನ್ನ ಗಂಡ ಅದನ್ನು ನೋಡಿ ಹೋದ."

ಕಾರ್ಮುಗ ಕಾಲಿನಿಂದ ಮೇಲಕ್ಕೆ ಮರಳಾಗಿ ಉದುರತೊಡಗಿದ. ಸೂರ್ಯನೊಳಗೆ ಉರಿಸಿಂಹ ದೀಪದ ಹಾಗೆ ಆರಿತು.

"ನನ್ನವರು ಏಳುತ್ತಾರಾ?" ಎಂದು ಕೇಳಿದಳು ಕೇತಲೆ.

ಆಗ ಮಾಂತ್ರಿಕನ ಮುಖವಷ್ಟೇ ಉಳಿದಿತ್ತು. "ನನ್ನ ಸಿಂಹ ಹಿಡಿದವರೆಲ್ಲ ಏಳುತ್ತಾರೆ. ನಿನ್ನ ಗಂಡ ನಿನ್ನ ಹಾಳೆ ನಂಬಿ ಹೋದವನು. ಆ ಗಂಟು ಹಾಕಿದ್ದು ನಾನಲ್ಲ ತಾಯಿ. ಬಿಚ್ಚಲು ನನಗೆ ಬರುವುದಿಲ್ಲ."

ಅವಳು ಹಿಂದಿರುಗುವಾಗ ಬಯಲಿನ ಕಲ್ಲುಗಳೆಲ್ಲ ಎದ್ದು ನಿಂತಿದ್ದವು. ನೂರು ವರ್ಷದ ಹಿಂದಿನ ಕುರುಬನೊಬ್ಬ, "ಅಕ್ಕಾ, ನನ್ನ ಕುರಿ ಈ ಕಡೆ ಬಂದವಾ?" ಎಂದು ಕೇಳಿದ. ಇಳಿಜಾರಿನಲ್ಲಿ ಮಾಚಯ್ಯ ಹಾಗೇ ನಿಂತಿದ್ದ. ಕೇತಲೆ ಅವನ ಪಕ್ಕ ಕುಳಿತಳು. ಬಹಳ ಹೊತ್ತು ಕುಳಿತಳು.

ಅರಸ ಅವಳನ್ನು ಕರೆಸಿದ. "ಒಂದು ಹಾಳೆ ತಾನೇ, ಕೇತಲೆ? ನಾಡನ್ನೇ ಉಳಿಸಿದ್ದೀಯ."

"ಹೌದು ಪ್ರಭು, ಒಂದು ಹಾಳೆ," ಎಂದಳು ಅವಳು.

ಇನ್ನು ಅವಳ ಹಾಳೆ ನೋಡಿ ಹೊರಗೆ ಹೋಗಬೇಕಾದವರು ಯಾರೂ ಇರಲಿಲ್ಲ. ಆದರೂ ಅವಳು ಮತ್ತೆ ನಲವತ್ತು ವರ್ಷ ಬರೆದಳು. ಕಾಣದ ದಿನ ಕಾಣಲಿಲ್ಲ ಎಂದೇ ಬರೆದಳು. ಹನ್ನೊಂದು ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಿ ಮತ್ತೆ ಕುಗ್ಗುತ್ತವೆ ಎಂಬುದು ಆ ಹಾಳೆಗಳಿಂದಲೇ ತಿಳಿಯಿತು. ದೂರದೇಶದ ಪಂಡಿತರು ಬಂದು ಶಾಲು ಹೊದಿಸಿದರು. ಅವಳು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಬೆಳಗುನಾಡಿನವರು ಬಿಸಿಲಿಗೆ ಹೆದರದೆ, ಮಕ್ಕಳುಮರಿಯೊಂದಿಗೆ ಸುಖವಾಗಿ ಬಾಳಿದರು.

ಕಲ್ಲಾದಾಗ ಮಾಚಯ್ಯನಿಗೆ ಮೂವತ್ತೊಂದು ವರ್ಷ.